ಕೆಂಪು ಬಂಡೆಗಳ ನಾಡಿನಲ್ಲಿ ಒಂದೇ ಊರಿನ ಬಿಡಾರ

2024ರ ದಸರಾ ರಜೆಯಲ್ಲಿ ಹನ್ನೆರಡು ಜನರನ್ನು ಯೂಟಾ ಮತ್ತು ಅರಿಜೋನಾದ ಕೆಂಪು ಬಂಡೆಗಳ ಮರುಭೂಮಿಯಲ್ಲಿ ಐದು ರಾತ್ರಿ ಸುತ್ತಿಸಿ ಕರೆತಂದೆ. ತಂಡದಲ್ಲಿ ಅತಿ ಹಿರಿಯರಿಗೆ ಎಪ್ಪತ್ತನಾಲ್ಕು, ಅತಿ ಕಿರಿಯರಿಗೆ ಐವತ್ತೊಂಬತ್ತು. ಒಬ್ಬರೂ ತಲೆಸುತ್ತಿ ಕೂರಲಿಲ್ಲ, ಒಂದು ಹೊತ್ತಿನ ಊಟವೂ ತಪ್ಪಲಿಲ್ಲ, ನನ್ನ ಕೈಯಿಂದ ಹಣವೂ ಹೋಗಲಿಲ್ಲ. ತಂಡ ಕರೆದೊಯ್ಯುವವರಿಗೆ ಈ ಕೊನೆಯ ಮಾತಿನ ತೂಕ ಗೊತ್ತಿರುತ್ತದೆ.

ಇದಕ್ಕೆ ಆರು ವರ್ಷ ಹಿಡಿಯಿತು. 2018ರಲ್ಲಿ ನಾನು ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಟೂರ್ ಮ್ಯಾನೇಜರ್. ನಮ್ಮ ಅಮೆರಿಕ ಪ್ಯಾಕೇಜಿನಲ್ಲಿ ಲಾಸ್ ವೇಗಾಸ್ ಆದಮೇಲೆ ಗ್ರ್ಯಾಂಡ್ ಕ್ಯಾನ್ಯನ್‌ಗೆ ಒಂದು ದಿನ, ಅಲ್ಲಿಗೆ ಕಲ್ಲಿನ ಕಥೆ ಮುಗಿಯುತ್ತಿತ್ತು. ನಾನು ಗೋಗರೆದು ನಾಲ್ಕು ದಿನ ಸೇರಿಸಿದೆ. ಮಾಲೀಕರು ನಕ್ಕರು. "ಕಲ್ಲು ನೋಡುವುದಕ್ಕೆ ಬಾದಾಮಿ ಸಾಲದೇನಯ್ಯಾ?" ನ್ಯಾಯವಾದ ಪ್ರಶ್ನೆಯೇ. ಬಾದಾಮಿಯದೂ ಮರಳುಗಲ್ಲು, ಅಲ್ಲಿಯ ಕೆಂಪಿಗೂ ಕಬ್ಬಿಣದ ತುಕ್ಕೇ ಕಾರಣ. ಆದರೆ ಯೂಟಾದ ಜಯಾನ್ ಕಣಿವೆಯಲ್ಲಿ ಗೋಡೆ ಎರಡು ಸಾವಿರ ಅಡಿ ನೆಟ್ಟಗೆ ಎದ್ದು ನಿಂತಿದೆ, ಅದರ ಬುಡದಲ್ಲಿ ನಿಂತವರಿಗೆ ಬಾದಾಮಿ ನೆನಪಾಗುವುದು ಊರಿಗೆ ಮರಳಿದ ಮೇಲೆ. ಅದನ್ನು ಅವರಿಗೆ ವಿವರಿಸಲು ನನಗೆ ಬರಲಿಲ್ಲ. ಹೇಗೋ ಒಪ್ಪಿದರು.

ಜುಲೈ ತಿಂಗಳು, ಮೂವತ್ತಾರು ಜನ, ದೊಡ್ಡ ಬಸ್ಸು, ದಿನಕ್ಕೊಂದು ಹೋಟೆಲ್. ನಾಲ್ಕು ದಿನದಲ್ಲಿ ಹನ್ನೊಂದು ಸ್ಥಳ ಎಂದು ಕರಪತ್ರದಲ್ಲಿ ಹಾಕಿದ್ದೆವು. ಏಳು ನೋಡಿದೆವು.

ಮೊದಲ ಪೆಟ್ಟು ಸುರಂಗದ್ದು. ಜಯಾನ್‌ನಿಂದ ಪೂರ್ವಕ್ಕೆ ಹೋಗುವ ರಸ್ತೆಯಲ್ಲಿ 1930ರಲ್ಲಿ ಮುಗಿದ ಸುರಂಗವಿದೆ, ಒಂದು ಮೈಲಿಗಿಂತ ಸ್ವಲ್ಪ ಉದ್ದ. ಅಂದಿನ ಕಾರುಗಳ ಅಳತೆಗೆ ಕೊರೆದದ್ದು. ಎತ್ತರ ಹನ್ನೊಂದು ಅಡಿ ನಾಲ್ಕು ಅಂಗುಲ ಅಥವಾ ಅಗಲ ಏಳು ಅಡಿ ಹತ್ತು ಅಂಗುಲ ಮುಟ್ಟಿದ ವಾಹನವಾದರೆ ಎದುರು ಬರುವವರನ್ನೆಲ್ಲ ತಡೆದು ನಡುವೆ ಬಿಡಬೇಕಿತ್ತು. ಆ ವ್ಯವಸ್ಥೆ ಹಗಲಿನ ನಿಗದಿತ ಗಂಟೆಗಳಲ್ಲಿ ಮಾತ್ರ ಇತ್ತು. ಬೆಳಗಿನ ಜಾವ ಹೊರಡುವ ನನ್ನ ಯೋಜನೆ ಅಲ್ಲೇ ಮಣ್ಣುಪಾಲಾಯಿತು.

ಎರಡನೆಯದು ಗಡಿಯಾರ. ಬೇಸಿಗೆಯಲ್ಲಿ ಯೂಟಾ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಡುತ್ತದೆ, ಅರಿಜೋನಾ ಇಡುವುದಿಲ್ಲ, ಆದರೆ ಅರಿಜೋನಾದ ಒಳಗೇ ಇರುವ ನವಾಹೊ ಮೂಲನಿವಾಸಿಗಳ ನಾಡು ಇಡುತ್ತದೆ. ಪೇಜ್ ಊರು ಅರಿಜೋನಾದ ಸಮಯದಲ್ಲಿದೆ, ಎರಡು ಗಂಟೆ ದಾರಿಯ, ನವಾಹೊ ನಾಡಿನ ಮಾನ್ಯುಮೆಂಟ್ ವ್ಯಾಲಿ ಒಂದು ಗಂಟೆ ಮುಂದಿದೆ. ಪೇಜ್ ಸುತ್ತಮುತ್ತ ಮೊಬೈಲ್ ಯಾವ ಗೋಪುರ ಸಿಕ್ಕಿದರೆ ಆ ಸಮಯ ತೋರಿಸುತ್ತದೆ. ನಾನು ಪೇಜ್ ಸಮಯ ನಂಬಿ ಹೊರಟೆ. ಸಂಜೆಯ ಜೀಪ್ ಸವಾರಿಗೆ ಮುಂಗಡ ಕಟ್ಟಿದ್ದ ಮೂವತ್ತಾರು ಜನರ ಹಣ, ನೆನಪಿನ ಪ್ರಕಾರ ಎರಡೂವರೆ ಸಾವಿರ ಡಾಲರ್, ಧೂಳಿನಲ್ಲಿ ಹೋಯಿತು. ಈಗ ನನ್ನ ಕೈಯಲ್ಲಿ ಹಳೆಯ ಮುಳ್ಳಿನ ಗಡಿಯಾರ ಇರುತ್ತದೆ, ಅದನ್ನು ನಾನೇ ತಿರುಗಿಸುತ್ತೇನೆ, ತಂಡದವರೆಲ್ಲ ನನ್ನ ಗಡಿಯಾರವನ್ನೇ ಕೇಳಬೇಕು.

ಮೂರನೆಯದು ಹೇಳುವುದಕ್ಕೆ ಈಗಲೂ ನಾಚಿಕೆ. ಹಾರ್ಸ್‌ಶೂ ಬೆಂಡ್‌ಗೆ ಮಧ್ಯಾಹ್ನ ಎರಡು ಗಂಟೆಗೆ ಕರೆದೊಯ್ದೆ. ಸಾವಿರ ಅಡಿ ಕೆಳಗೆ ಕೊಲರಾಡೊ ನದಿ ಲಾಳದಂತೆ ತಿರುಗುವ ಜಾಗ. ಹೋಗಿ ಬರಲು ಒಂದೂವರೆ ಮೈಲಿ, ದಾರಿಯಲ್ಲಿ ಮರವೆಂಬುದಿಲ್ಲ. ನಲವತ್ತು ಡಿಗ್ರಿ ಇದ್ದಿರಬೇಕು. ಒಣಗಾಳಿಯಲ್ಲಿ ಬೆವರು ಮೈಮೇಲೆ ನಿಲ್ಲುವುದೇ ಇಲ್ಲ, ಹಾಗಾಗಿ ನಮ್ಮವರು ಬೆವರಲೇ ಇಲ್ಲ ಎಂದುಕೊಂಡು ನೀರು ಕುಡಿಯುವುದಿಲ್ಲ. ನಿವೃತ್ತ ಮೇಷ್ಟರೊಬ್ಬರು ಮರಳಿನಲ್ಲಿ ಕುಸಿದು ಕುಳಿತರು. ಒದ್ದೆ ಟವೆಲ್, ಉಪ್ಪು ಸಕ್ಕರೆ ನೀರು, ಇಬ್ಬರು ಅಪರಿಚಿತರ ಸಹಾಯ, ಹೇಗೋ ಬಸ್ಸು ತಲುಪಿದೆವು. ಅವರ ಹೆಂಡತಿ ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆ ಪ್ರವಾಸದಲ್ಲಿ ಸಂಸ್ಥೆಗೆ ನಾಲ್ಕೂವರೆ ಲಕ್ಷದಷ್ಟು ಹೋಯಿತು. ಮರುವರ್ಷ ಅದನ್ನೇ ಸ್ವಲ್ಪ ತಿದ್ದಿ ಮತ್ತೆ ಹೋದೆ. ಈ ಸಲ ನಸುಕಿನಿಂದ ಸಂಜೆವರೆಗೆ ಎಡೆಬಿಡದೆ ತಿರುಗಿಸುವ ಯೋಜನೆ. ಅಲ್ಲಿ ಚಾಲಕನು ಹತ್ತು ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ, ಹದಿನೈದು ಗಂಟೆ ಕರ್ತವ್ಯ ತುಂಬಿದ ಮೇಲೆ ಗಾಡಿ ಮುಟ್ಟುವಂತಿಲ್ಲ. ಎರಡನೆಯ ರಾತ್ರಿ ನಮ್ಮ ಚಾಲಕ ಊಟದ ಜಾಗದಲ್ಲೇ ಕೀಲಿ ತೆಗೆದು ಜೇಬಿಗಿಟ್ಟುಕೊಂಡ. ಹೋಟೆಲ್ ಇನ್ನೂ ನಲವತ್ತು ಮೈಲಿ ದೂರವಿತ್ತು. ಬದಲಿ ಚಾಲಕನಿಗೆ ಕೊಟ್ಟ ಹಣವನ್ನು ಇಲ್ಲಿ ಬರೆಯುವುದಿಲ್ಲ. ಅದೇ ಪ್ರವಾಸದಲ್ಲಿ ಹೋಟೆಲ್ ಕೋಣೆಯಲ್ಲಿ ಯಾರೋ ಸಾರಿಗೆ ಒಗ್ಗರಣೆ ಹಾಕಿ, ಹೊಗೆಯ ಅಲಾರಂ ಕೂಗಿ, ಇಡೀ ಕಟ್ಟಡದ ಜನ ರಾತ್ರಿ ಉಡುಪಿನಲ್ಲಿ ಹೊರಗೆ ಬಂದು ನಿಂತದ್ದು ಬೇರೆ. ದಂಡ 250 ಡಾಲರ್. ಸಾಸಿವೆ ಸಿಡಿದದ್ದಕ್ಕೆ ಇಷ್ಟು ಬೆಲೆ ಕೊಟ್ಟವರು ನಾವೊಬ್ಬರೇ ಇರಬೇಕು.

ಬಂದವನು ಕೆಲಸ ಬಿಟ್ಟೆ. ಬಿಡಿಸಿದರು ಎಂದರೂ ತಪ್ಪಿಲ್ಲ.

ಕೋವಿಡ್‌ನಲ್ಲಿ ಮನೆಯಲ್ಲಿ ಕುಳಿತಿದ್ದಾಗ ನಕ್ಷೆಯ ಮೇಲೆ ಹುರಿ ಹಿಡಿದು ಅಳೆದೆ. ಯೂಟಾದ ದಕ್ಷಿಣ ತುದಿಯಲ್ಲಿ ಕನಾಬ್ ಎಂಬ ಪುಟ್ಟ ಊರಿದೆ. ಅಲ್ಲಿಂದ ಜಯಾನ್ ಕಣಿವೆಗೆ ಒಂದು ಗಂಟೆ, ಕಲ್ಲಿನ ಕಂಬಗಳ ಬ್ರೈಸ್ ಕಣಿವೆಗೆ ಒಂದೂವರೆ, ಪೇಜ್‌ಗೆ ಒಂದೂಕಾಲು. ನಾವು ನಾಲ್ಕು ಹೋಟೆಲ್ ಬದಲಿಸಿ ನೋಡುತ್ತಿದ್ದುದೆಲ್ಲ ಒಂದೇ ಊರಿನ ಸುತ್ತ ಇತ್ತು. ಅಲ್ಲೇ ನಾಲ್ಕು ರಾತ್ರಿ ಬಿಡಾರ ಹೂಡುವುದು, ಐದನೆಯ ರಾತ್ರಿ ಮಾತ್ರ ಮಾನ್ಯುಮೆಂಟ್ ವ್ಯಾಲಿಯಲ್ಲಿ, ಅಲ್ಲಿಂದ ಫ್ಲಾಗ್‌ಸ್ಟಾಫ್ ಮೇಲೆ ಫೀನಿಕ್ಸ್‌ಗೆ ಇಳಿದು ವಿಮಾನ. ಪೆಟ್ಟಿಗೆ ಒಂದೇ ಸಲ ಬಿಚ್ಚುವುದು.

ಎರಡನೆಯ ಬದಲಾವಣೆ, ದಿನವನ್ನು ನಡುವೆ ಸೀಳುವುದು. ಬೆಳಗಿನ ಜಾವ ಉಪ್ಪಿಟ್ಟು ಕಟ್ಟಿಕೊಂಡು ಹೊರಟು ಹನ್ನೊಂದೂವರೆಗೆ ಬಿಡಾರಕ್ಕೆ ವಾಪಸ್ಸು. ಊಟ, ನಿದ್ದೆ. ಮೂರೂವರೆಗೆ ಕಾಫಿ, ಮತ್ತೆ ಸಂಜೆಯ ಬೆಳಕಿಗೆ ಹೊರಗೆ. ಮಧ್ಯಾಹ್ನ ಬಿಳಿಚಿಕೊಳ್ಳುವ ಬಂಡೆ ಈ ಎರಡು ಹೊತ್ತಿನಲ್ಲಿ ಕೆಂಡದ ಬಣ್ಣಕ್ಕೆ ತಿರುಗುತ್ತದೆ. ಇದರಲ್ಲಿ ನಾನು ಎಣಿಸದೇ ಇದ್ದ ಲಾಭವೊಂದು ಸಿಕ್ಕಿತು. ಮಧ್ಯಾಹ್ನ ಚಾಲಕನನ್ನು ಕರ್ತವ್ಯದಿಂದ ಪೂರ್ತಿ ಬಿಡುಗಡೆ ಮಾಡಿದರೆ ಆ ನಾಲ್ಕು ಗಂಟೆ ಅವನ ಹದಿನೈದರಲ್ಲಿ ಸೇರುವುದಿಲ್ಲ. ಹಿಂದೆ ನನ್ನ ಕುತ್ತಿಗೆ ಹಿಡಿದಿದ್ದ ನಿಯಮವೇ ಈಗ ನನ್ನ ಪರವಾಗಿ ನಿಂತಿತು.

ಮೂರನೆಯದು, ಹನ್ನೆರಡೇ ಜನ, ಒಂದು ಸ್ಪ್ರಿಂಟರ್ ವ್ಯಾನ್. ಸುರಂಗಕ್ಕೆ ಅದು ಸಣ್ಣದು, ಕಾಯುವ ಮಾತಿಲ್ಲ. ವಾಣಿಜ್ಯ ಪ್ರವಾಸದ ಅನುಮತಿ ಇರುವ ಬಾಡಿಗೆಯವರನ್ನೇ ಹಿಡಿಯಿರಿ. 2022ರಲ್ಲಿ ನಾನು ಜಾಣತನ ಮಾಡಿ ಎಂಬತ್ತು ಡಾಲರಿನ ವಾರ್ಷಿಕ ಪಾಸು ಕೊಂಡು ಗೇಟಿನಲ್ಲಿ ತೋರಿಸಿದೆ. ಹಣ ಪಡೆದು ನಡೆಸುವ ಪ್ರವಾಸಕ್ಕೆ ಅದು ನಡೆಯುವುದಿಲ್ಲ ಎಂದು ಹಿಂದಿರುಗಿಸಿದರು, ತಂಡದವರ ಎದುರಿಗೇ.

ಪರಿಚಯದ ಮೂವರು ಈ ಯೋಜನೆ ಕೇಳಿ ಒಂದೇ ಮಾತು ಹೇಳಿದರು. ಅಷ್ಟು ದುಡ್ಡು ಕೊಟ್ಟು ಬಂದವರು ಮಧ್ಯಾಹ್ನ ಮಲಗಲು ಒಪ್ಪುತ್ತಾರೆಯೇ? ಹಳ್ಳಿಯಂಥ ಊರಿನಲ್ಲಿ ನಾಲ್ಕು ರಾತ್ರಿ ಕೂರುತ್ತಾರೆಯೇ? 2022ರ ತಂಡ ಮೊದಲ ದಿನ ನಿಜಕ್ಕೂ ಗೊಣಗಿತು. ಎರಡನೆಯ ದಿನ ಹನ್ನೆರಡು ಗಂಟೆಗೆ ಎಲ್ಲರ ಗೊರಕೆ ಕೇಳಿಸಿತು.

ಇನ್ನು ಮಾತಿನ ವಿಷಯ. ನಾವೆಲ್ಲ ಸ್ಥಳದಲ್ಲಿ ನಿಂತು ವಿವರಿಸುವ ಅಭ್ಯಾಸದವರು. ಪೇಜ್ ಹತ್ತಿರ ನೀರು ಕೊರೆದ ಇಕ್ಕಟ್ಟಾದ ಆಂಟೆಲೋಪ್ ಕಮರಿಯಲ್ಲಿ ಅದು ಸಾಧ್ಯವಿಲ್ಲ. ಒಳಗೆ ನವಾಹೊ ಮಾರ್ಗದರ್ಶಕರಿಲ್ಲದೆ ಯಾರನ್ನೂ ಬಿಡುವುದಿಲ್ಲ, ಚೀಲ ಒಯ್ಯುವಂತಿಲ್ಲ, ಹಿಂದೆ ಇನ್ನೊಂದು ತಂಡ ಬರುತ್ತಿರುತ್ತದೆ. ಅವರು ಇಂಗ್ಲಿಷಿನಲ್ಲಿ ಹೇಳಿ, ನಾನು ಕನ್ನಡದಲ್ಲಿ ಹೇಳಿ, ಅಷ್ಟರಲ್ಲಿ ಜನ ತಲೆ ಎತ್ತಿ ನೋಡುವುದನ್ನೇ ಮರೆಯುತ್ತಿದ್ದರು. ಈಗ ಎಲ್ಲವನ್ನೂ ಹಿಂದಿನ ರಾತ್ರಿ ಊಟದ ಮೇಜಿನಲ್ಲಿ ಹೇಳಿ ಮುಗಿಸುತ್ತೇನೆ. ಉಳಿದ ಚಪಾತಿಗಳನ್ನು ಒಂದರ ಮೇಲೊಂದು ಪೇರಿಸಿ ಚಾಕುವಿನಿಂದ ಕೊರೆದರೆ ಕಣಿವೆ ಆಗುತ್ತದೆ. ಮೇಲಿನಿಂದ ನೀರು ಹನಿಸಿದರೆ ಬಿರುಕು ಹೇಗೆ ಅಗಲವಾಗುತ್ತದೆ ಎಂಬುದು ಅಜ್ಜಿಯರಿಗೂ ತಿಳಿಯುತ್ತದೆ. 1997ರ ಆಗಸ್ಟ್‌ನಲ್ಲಿ ಎಲ್ಲೋ ಮೈಲಿಗಳಾಚೆ ಸುರಿದ ಮಳೆಯ ನೀರು ನುಗ್ಗಿ, ಈ ಕಮರಿಯ ಎರಡು ಭಾಗಗಳಲ್ಲಿ ಒಂದಾದ ಕೆಳಗಿನ ಆಂಟೆಲೋಪ್‌ನಲ್ಲಿ ಹನ್ನೊಂದು ಪ್ರವಾಸಿಗರು ಸತ್ತ ವಿಷಯವನ್ನೂ ಆಗಲೇ ಹೇಳಿಬಿಡುತ್ತೇನೆ. ಮಳೆಯ ಮುನ್ಸೂಚನೆಯಿಂದ ಪ್ರವೇಶ ರದ್ದಾದರೆ ಆಮೇಲೆ ಯಾರೂ ಜಗಳಕ್ಕೆ ಬರುವುದಿಲ್ಲ. ಮರುದಿನ ಒಳಗೆ ನಾನು ಬಾಯಿ ಬಿಡುವುದಿಲ್ಲ. ತಂಡದ ಹಿರಿಯರೊಬ್ಬರು ಹೊರಬಂದು, "ನಿಮ್ಮ ಮೌನಕ್ಕೇ ಟಿಪ್ಸ್ ಕೊಡಬೇಕು" ಎಂದರು. ಕೊಟ್ಟರು ಕೂಡ.

ಮೇಲಿನ ಕಮರಿಯನ್ನೇ ಆರಿಸಿ, ಕೆಳಗಿನದರ ಕಡಿದಾದ ಏಣಿಗಳು ನಮ್ಮ ಮಂಡಿಗಳಿಗಲ್ಲ. ಅಕ್ಟೋಬರ್‌ನಲ್ಲಿ ಮೇಲಿನ ಬಿರುಕಿನಿಂದ ಬೆಳಕಿನ ಕೋಲು ಇಳಿಯುವುದಿಲ್ಲ ಎಂದು ಕೊರಗುವವರಿದ್ದಾರೆ. ನನ್ನ ಲೆಕ್ಕದಲ್ಲಿ ಆ ಕೋಲಿಗಾಗಿ ನಡು ಮಧ್ಯಾಹ್ನದ ನೂಕುನುಗ್ಗಲು ಸಹಿಸುವುದು ನಷ್ಟದ ವ್ಯಾಪಾರ. ಹದಿಮೂರು ಜನರಿಗೆ ಒಟ್ಟಿಗೆ ಬೆಳಗಿನ ಹೊತ್ತಿನ ಟಿಕೆಟ್ ಹೇಗೆ ಗಿಟ್ಟಿಸುತ್ತೇನೆ ಎಂಬುದನ್ನು ಮಾತ್ರ ಕೇಳಬೇಡಿ. ಕನಾಬ್ ಹತ್ತಿರ ನಾವು ಸೂರ್ಯಾಸ್ತ ನೋಡುವ ದಿಬ್ಬದ ಹೆಸರೂ ನನ್ನಲ್ಲೇ ಇರಲಿ.

ಅಡಿಗೆಗೆ ಎರಡು ಮನೆ ಬಾಡಿಗೆ ಹಿಡಿದೆ, ಹೊಗೆ ಹೀರುವ ಫ್ಯಾನ್ ಇದೆಯೇ ಎಂದು ಫೋಟೋ ತರಿಸಿಕೊಂಡೇ. ಕನಾಬ್ ಸುಮಾರು ಐದು ಸಾವಿರ ಅಡಿ ಎತ್ತರದಲ್ಲಿದೆ, ನೀರು 95 ಡಿಗ್ರಿಗೇ ಕುದಿಯುತ್ತದೆ. ಮೊದಲ ವರ್ಷ ತೊಗರಿಬೇಳೆ ವಿದ್ಯುತ್ ಪಾತ್ರೆಯಲ್ಲಿ ಒಂದು ಗಂಟೆ ಕುದಿದರೂ ಕಲ್ಲಿನ ನಾಡಿಗೆ ತಕ್ಕಂತೆಯೇ ಉಳಿಯಿತು. ಈಗ ಊರಿನಿಂದಲೇ ಕುಕ್ಕರ್ ಒಯ್ಯುತ್ತೇನೆ. ಬೆಂಗಳೂರಿನಲ್ಲಿ ಮೂರು ಕೂಗಿಗೆ ಬೇಯುವುದಕ್ಕೆ ಅಲ್ಲಿ ಐದು ಕೂಗು. ಶಿರಸಿ ಕಡೆಯ ತಾಯಿಯೊಬ್ಬರು ಆ ಒಣಹವೆ ಕಂಡು ಸುಮ್ಮನಿರಲಾಗದೆ ಹಿತ್ತಿಲಿನಲ್ಲಿ ಅಕ್ಕಿ ಸಂಡಿಗೆ ಇಟ್ಟರು. ಬೆಳಿಗ್ಗೆ ಇಟ್ಟದ್ದು ಸಂಜೆಗೆ ಗಲಗಲ ಎನ್ನುತ್ತಿತ್ತು. ನಾನೂ ಆಸೆಗೆ ಬಿದ್ದು ಮೆಣಸಿನಕಾಯಿ ಬಾಳಕ ಮಾಡಲು ಹೊರಟೆ, ರಾತ್ರಿ ಯಾವುದೋ ಪ್ರಾಣಿ ತಟ್ಟೆ ಮಗುಚಿತು. ಮೊಸರು ಹೆಪ್ಪಾಗುವುದಕ್ಕೆ ರಾತ್ರಿಯ ಚಳಿ ಬಿಡುವುದಿಲ್ಲ. ಓವನ್ನಿನ ದೀಪ ಹಾಕಿ ಒಳಗಿಟ್ಟರೆ ಆಗುತ್ತದೆ.

ಬ್ರೈಸ್‌ಗೆ ಸ್ವೆಟರ್ ಸಾಲದು. ಅಂಚು ಎಂಟು ಸಾವಿರ ಅಡಿಯಲ್ಲಿದೆ, ಅಕ್ಟೋಬರ್ ನಸುಕಿನಲ್ಲಿ ನೀರು ಹೆಪ್ಪುಗಟ್ಟಿರುತ್ತದೆ. ಅಲ್ಲಿಯ ಕಲ್ಲಿನ ಕಂಬಗಳನ್ನು ಕೆತ್ತಿದ್ದೂ ಬಿರುಕಿನಲ್ಲಿ ಹೆಪ್ಪುಗಟ್ಟುವ ಇದೇ ನೀರು. ಸನ್‌ರೈಸ್ ಪಾಯಿಂಟಿನಿಂದ ಸನ್‌ಸೆಟ್ ಪಾಯಿಂಟಿನವರೆಗಿನ ಅರ್ಧ ಮೈಲಿಯ ನುಣುಪು ದಾರಿ ಸಾಕು, ಕೆಳಗೆ ಇಳಿಸುವ ಸಾಹಸ ಬೇಡ. ಜಯಾನ್‌ನಲ್ಲಿ ಉದ್ಯಾನದ ಬಸ್ಸಿನ ಕೊನೆಯ ನಿಲ್ದಾಣದಿಂದ ನದಿ ಪಕ್ಕದ ನಡಿಗೆ. ಅಷ್ಟೇ.

ಮಾನ್ಯುಮೆಂಟ್ ವ್ಯಾಲಿಯಲ್ಲಿ ಹದಿನೇಳು ಮೈಲಿಯ ಮಣ್ಣುರಸ್ತೆ, ನವಾಹೊ ಚಾಲಕರ ತೆರೆದ ಜೀಪು, ಮೂಗಿಗೆ ಕಟ್ಟಲು ಒದ್ದೆ ವಸ್ತ್ರ. ಉಬ್ಬಸ ಇರುವ ಇಬ್ಬರನ್ನು ಸಂದರ್ಶಕರ ಕೇಂದ್ರದ ಜಗುಲಿಯಲ್ಲಿ ಕೂರಿಸಿದೆ. ಕೈಗವುಸಿನಂಥ ಎರಡು ಮಹಾ ಬಂಡೆಗಳು ಅಲ್ಲಿಂದ ಎದುರಿಗೇ ಕಾಣುತ್ತವೆ. ಜೀಪಿನಲ್ಲಿ ಹೋದವರು ಬಂಡೆಯ ಗುಮ್ಮಟದಡಿ ಚಾಲಕರು ತಮ್ಮ ಭಾಷೆಯಲ್ಲಿ ಹಾಡಿದ್ದನ್ನು ಕೇಳಿದರು, ನಮ್ಮವರೊಬ್ಬರು ಪ್ರತಿಯಾಗಿ ದೇವರನಾಮ ಹಾಡಿದರಂತೆ. ನಾನು ಜಗುಲಿಯಲ್ಲಿದ್ದೆ, ಕೇಳಲಿಲ್ಲ. ಅದೊಂದು ಬೇಸರ ಉಳಿದಿದೆ.

ಆಯುಧಪೂಜೆಯ ದಿನ ಸ್ಪ್ರಿಂಟರ್‌ಗೆ ಕುಂಕುಮ ಹಚ್ಚಿ, ಚಕ್ರದಡಿ ನಿಂಬೆಹಣ್ಣು ಇಟ್ಟೆವು. ಚಾಲಕ ಬಾಗಿ ನೋಡಿ, ಇದನ್ನು ಓಡಿಸುವ ಮೊದಲಿನ ತಪಾಸಣೆಯ ಪಟ್ಟಿಯಲ್ಲಿ ಬರೆಯಬೇಕೇ ಎಂದು ಗಂಭೀರವಾಗಿ ಕೇಳಿದ.

ಲೆಕ್ಕ: ವ್ಯಾನ್ ಮತ್ತು ಚಾಲಕನಿಗೆ ಆರು ದಿನಕ್ಕೆ, ಖಾಲಿ ಮರಳುವ ದಾರಿಯೂ ಅವನ ಕೋಣೆಯೂ ಸೇರಿ ಎಂಟು ಸಾವಿರ ಡಾಲರಿಗಿಂತ ಸ್ವಲ್ಪ ಹೆಚ್ಚು. ಎರಡು ಮನೆಗೆ ನಾಲ್ಕು ರಾತ್ರಿಗೆ 3,600ರ ಆಸುಪಾಸು, ಕೊನೆಯ ರಾತ್ರಿಯ ಹೋಟೆಲ್ 1,600. ಕಮರಿ ಮತ್ತು ಜೀಪು ಸೇರಿ ಎರಡು ಸಾವಿರದ ಇನ್ನೂರು, ದಿನಸಿ ಏಳುನೂರು, ಪ್ರವೇಶ ಶುಲ್ಕ ಐನೂರು. ತಲೆಗೆ ಸುಮಾರು 1,400 ಡಾಲರ್, ನಮ್ಮ ಹಣದಲ್ಲಿ 1.16 ಲಕ್ಷ. ನಾನು ಪಡೆದದ್ದು 1.45 ಲಕ್ಷ. ನನ್ನ ವಿಮಾನದ ಖರ್ಚು ಕಳೆದರೂ ಎರಡು ಲಕ್ಷ ಮಿಕ್ಕಿತು. ಮೂವತ್ತಾರು ಜನರಲ್ಲಿ ಕಳೆದದ್ದನ್ನು ಹನ್ನೆರಡು ಜನರಲ್ಲಿ ಗಳಿಸಲು ಇನ್ನೂ ಒಂದೆರಡು ಪ್ರವಾಸ ಬೇಕು, ಅದಿರಲಿ.

ಮೊನ್ನೆ ನನ್ನ ಹಳೆಯ ಮಾಲೀಕರ ಹೊಸ ಕರಪತ್ರ ಕೈಗೆ ಸಿಕ್ಕಿತು. "ಒಂದೇ ಊರಿನಲ್ಲಿ ನಾಲ್ಕು ರಾತ್ರಿ, ಮಧ್ಯಾಹ್ನ ವಿಶ್ರಾಂತಿ" ಎಂದು ದಪ್ಪಕ್ಷರದಲ್ಲಿದೆ. ಊರೂ ಸರಿಯಾಗಿಯೇ ಇದೆ. ತಿಂಗಳು ಜುಲೈ, ನಲವತ್ತು ಸೀಟು.