ಶಾಸಕರ ಮುಂದೆ ಕೂರುವ ಮೊದಲು ಒಂದು ನೋಟ್‌ಬುಕ್ ಇಡಿ

ಅಮ್ಮನಿಗೆ ಲಕ್ವ ಹೊಡೆದು ಹಾಸಿಗೆ ಹಿಡಿದಾಗ ನಾನು ಒಂದು ನೋಟ್‌ಬುಕ್ ಇಟ್ಟೆ. ಆಗ ಕಾನೂನು ಗೀನೂನು ಯಾವುದೂ ತಲೆಯಲ್ಲಿ ಇರಲಿಲ್ಲ. ಬೆನ್ನಿಗೆ ಹುಣ್ಣಾಗಬಾರದು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಅಂತ ನರ್ಸ್ ಹೇಳಿದ್ದರು. ನಿದ್ದೆಗಣ್ಣಲ್ಲಿ ಎಡವೋ ಬಲವೋ ಮರೆತೇ ಹೋಗುತ್ತಿತ್ತು. ಅದಕ್ಕೇ ಬರೆದಿಡುತ್ತಿದ್ದೆ: "ರಾತ್ರಿ 11, ಎಡ. 1, ಬಲ. 3, ಎಡ. ಬೆಳಿಗ್ಗೆ 5, ಬಲ. ಸೊಂಟದ ಹತ್ತಿರ ಕೆಂಪಾಗಿದೆ."

ಆರು ವಾರಕ್ಕೆ ನನ್ನ ರಜೆಯೆಲ್ಲ ಖಾಲಿ. ಕಚೇರಿಯಲ್ಲಿ ಹೆರಿಗೆಗೆ ರಜೆ ಇತ್ತು, ನನಗೇ ಹುಷಾರಿಲ್ಲದಿದ್ದರೆ ರಜೆ ಇತ್ತು. ಹೆತ್ತವರನ್ನು ನೋಡಿಕೊಳ್ಳೋಕೆ ಅಂತ ಒಂದು ದಿನವೂ ಇರಲಿಲ್ಲ. ಕೆಲಸ ಬಿಟ್ಟೆ. ಆಮೇಲಿಂದ ಈ ರಜೆಗೊಂದು ಕಾನೂನು ಬೇಕು ಅಂತ ಓಡಾಡುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಹಾಸಿಗೆ ಹಿಡಿದವರಿದ್ದು, ಕಾನೂನು ಬದಲಾಗಬೇಕು ಅನ್ನಿಸಿದ್ದರೆ, ನಾನು ಕಲಿತದ್ದು ನಿಮಗೆ ಕೆಲಸಕ್ಕೆ ಬಂದೀತು.

ಮೊದಲ ಸಲ ಶಾಸಕರ ಕಚೇರಿಗೆ ಹೋದಾಗ "ಆರೋಗ್ಯ ವ್ಯವಸ್ಥೆ ಸರಿಯಾಗಬೇಕು" ಅಂತ ಹತ್ತು ನಿಮಿಷ ಮಾತಾಡಿದೆ. ಆಪ್ತ ಸಹಾಯಕರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಮೆತ್ತಗೆ ಕೇಳಿದರು: "ಅಲ್ಲಮ್ಮಾ, ಈಗ ಸಾಹೇಬ್ರು ಏನು ಮಾಡಬೇಕು ಅಂತೀರಿ? ಅದನ್ನ ಹೇಳಿ." ನನ್ನ ಹತ್ತಿರ ಉತ್ತರ ಇರಲಿಲ್ಲ.

ಹಾಗಾಗಿ ಮೊದಲ ಕೆಲಸ ಇದು. ನಿಮ್ಮ ಕಷ್ಟ ಕಾನೂನಿನ ಯಾವ ಸಾಲಿನಲ್ಲಿ ಸಿಕ್ಕಿಕೊಂಡಿದೆ ಅಂತ ಹುಡುಕಿ. ಕಾನೂನನ್ನೇ ತೆಗೆದು ಓದಿ, ಅದರ ಬಗ್ಗೆ ಬಂದ ಸುದ್ದಿ ಸಾಲದು. ಎಲ್ಲಕ್ಕಿಂತ ಮುಂಚೆ ಶುರುವಿನಲ್ಲಿ ಬರುವ ವ್ಯಾಖ್ಯೆಗಳನ್ನು ನೋಡಿ. "ಕುಟುಂಬ" ಅಂದರೆ ಯಾರ್ಯಾರು? "ಉದ್ಯೋಗಿ" ಅಂದರೆ ಯಾರು? ಜನ ಜಾಸ್ತಿ ಜಾರಿಬೀಳುವುದು ಅಲ್ಲೇ. ಅಮೆರಿಕದ 1993ರ ಕುಟುಂಬ ಮತ್ತು ವೈದ್ಯಕೀಯ ರಜೆ ಕಾನೂನನ್ನೇ ತಗೊಳ್ಳಿ. ತೀವ್ರ ಕಾಯಿಲೆ ಬಿದ್ದ ಗಂಡ, ಹೆಂಡತಿ, ಮಕ್ಕಳು, ಹೆತ್ತವರನ್ನು ನೋಡಿಕೊಳ್ಳಲು ವರ್ಷಕ್ಕೆ 12 ವಾರ ರಜೆ ಕೊಡುತ್ತದೆ, ಕೆಲಸ ಹೋಗುವುದಿಲ್ಲ. ಆದರೆ ಸಂಬಳ ಇಲ್ಲ. ಅತ್ತೆ ಮಾವ ಅದರಲ್ಲಿ ಬರುವುದಿಲ್ಲ. 50ಕ್ಕಿಂತ ಕಡಿಮೆ ಜನರಿರುವ ಖಾಸಗಿ ಕಂಪನಿಗೆ ಅದು ಅನ್ವಯಿಸುವುದೂ ಇಲ್ಲ. ಅತ್ತೆಯನ್ನು ನೋಡಿಕೊಳ್ಳುವ ಸೊಸೆಗೆ ಆ ಕಾನೂನು ಇದ್ದೂ ಇಲ್ಲದ ಹಾಗೆ, ಅಲ್ವಾ? ಅವಳು ಕೇಳಬೇಕಾದ್ದು ಒಂದೇ ಒಂದು ಪದದ ತಿದ್ದುಪಡಿ.

ಎರಡನೇ ಸಲ ಹೋದಾಗ ನಾನು ಒಂದೇ ವಾಕ್ಯ ಬರೆದುಕೊಂಡು ಹೋದೆ: "ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ಸಂಬಳದ ರಜೆ ಬೇಕು, ಆ ಅವಧಿಯಲ್ಲಿ ಅವರನ್ನು ಕೆಲಸದಿಂದ ತೆಗೆಯಬಾರದು, ಕುಟುಂಬ ಅಂದರೆ ಅತ್ತೆ ಮಾವನೂ ಸೇರಬೇಕು." ಸಹಾಯಕರು ಅದನ್ನು ಹಾಗೇ ತಮ್ಮ ಡೈರಿಯಲ್ಲಿ ಬರೆದುಕೊಂಡರು.

ಇನ್ನು ನಿಮ್ಮ ಕತೆ. ಎರಡು ನಿಮಿಷಕ್ಕಿಂತ ಜಾಸ್ತಿ ಬೇಡ. ಇಡೀ ಕಾಯಿಲೆಯ ಚರಿತ್ರೆ ಹೇಳಬೇಡಿ, ಒಂದು ದಿನ ಹೇಳಿ. ನಾನು ನೋಟ್‌ಬುಕ್ಕಿನ ಒಂದು ಪುಟ ತೆರೆದಿಟ್ಟೆ. 12 ಸಲ ಮಗ್ಗುಲು, 6 ಸಲ ಮೂಗಿನ ನಳಿಕೆಯಲ್ಲಿ ಆಹಾರ. ಶಾಸಕರು ಪುಟದ ಮೇಲೆ ಬೆರಳಿಟ್ಟು, "ಇದು ರಾತ್ರಿ 3 ಗಂಟೇನಾ?" ಅಂದರು. ಹೌದು ಸಾರ್, ಬೆಳಿಗ್ಗೆ 9ಕ್ಕೆ ನಾನು ಕಚೇರಿಯಲ್ಲಿ ಇರಬೇಕಿತ್ತು ಅಂದೆ. ಅದಾದ ಮೇಲೆ ನಾನು ಜಾಸ್ತಿ ವಿವರಿಸಬೇಕಾಗಿ ಬರಲಿಲ್ಲ.

ಒಂದು ಮಾತು ಮರೀಬೇಡಿ. ಕತೆ ನಿಮ್ಮೊಬ್ಬರದೇ ಅಲ್ಲ, ಹಾಸಿಗೆಯಲ್ಲಿರುವವರದ್ದೂ ಹೌದು. ಅವರನ್ನು ಕೇಳದೆ ಫೋಟೋ, ರಿಪೋರ್ಟು ಯಾವುದನ್ನೂ ತೋರಿಸಬೇಡಿ. ಅಮ್ಮನಿಗೆ ಮಾತು ಹೋಗಿತ್ತು, ಆದರೆ ಎಲ್ಲ ಅರ್ಥವಾಗುತ್ತಿತ್ತು. ಒಂದು ಸಲ ಕೈ ಅದುಮಿದರೆ ಬೇಡ, ಎರಡು ಸಲ ಅದುಮಿದರೆ ಹೂಂ. ನೋಟ್‌ಬುಕ್ ತೋರಿಸಲಾ ಅಂದಾಗ ಎರಡು ಸಲ ಅದುಮಿದರು. ಫೋಟೋ ಅಂದಾಗ ಒಂದೇ ಸಲ. ಫೋಟೋ ನಾನು ಯಾರಿಗೂ ತೋರಿಸಿಲ್ಲ.

ಪತ್ರ ಬರೆದರೆ ಒಂದೇ ಪುಟ, ನಿಮ್ಮದೇ ಮಾತು. ನೂರು ಜನ ಒಂದೇ ನಮೂನೆಗೆ ಸಹಿ ಹಾಕಿ ಕಳಿಸಿದ್ದಕ್ಕಿಂತ ಹತ್ತು ಜನ ತಮ್ಮ ತಮ್ಮ ಮನೆಯ ವಿಷಯ ಬರೆದದ್ದನ್ನು ಗಮನವಿಟ್ಟು ಓದುತ್ತಾರೆ. ಮಸೂದೆ ಸಮಿತಿಯ ಮುಂದೆ ಇರುವಾಗಲೇ ಹೋಗಿ. ಪದಗಳು ಬದಲಾಗುವುದು ಅಲ್ಲಿ. ಮತ ಹಾಕುವ ಹಿಂದಿನ ದಿನ ಹೋದರೆ "ನೋಡೋಣ" ಅನ್ನೋದು ಬಿಟ್ಟು ಅವರಿಗೂ ಬೇರೆ ದಾರಿ ಇರುವುದಿಲ್ಲ.

"ಸಣ್ಣ ಕಂಪನಿಗಳಿಗೆ ಹೊರೆ ಆಗುತ್ತೆ" ಅನ್ನುವ ಮಾತು ಬಂದೇ ಬರುತ್ತದೆ. ಸಿಟ್ಟಾಗಬೇಡಿ, ಆ ಭಯ ನಿಜವಾದದ್ದು. ಕ್ಯಾಲಿಫೋರ್ನಿಯಾದ ಉದಾಹರಣೆ ಕೊಡಿ. ಅಲ್ಲಿ 2002ರಲ್ಲಿ ಸಂಬಳದ ಕುಟುಂಬ ರಜೆಗೆ ಕಾನೂನಾಯಿತು, 2004ರಿಂದ ಹಣ ಕೊಡಲು ಶುರು ಮಾಡಿದರು. ಆ ಹಣ ಮಾಲೀಕರ ಜೇಬಿನಿಂದ ಬರುವುದಿಲ್ಲ. ಕೆಲಸಗಾರರ ಸಂಬಳದಲ್ಲಿ ಸ್ವಲ್ಪ ಸ್ವಲ್ಪ ಕಡಿದು ಕೂಡಿಟ್ಟ ವಿಮೆಯಿಂದ ಬರುತ್ತದೆ. "ಇದೆಲ್ಲ ಎಲ್ಲೂ ಇಲ್ಲ" ಅಂದರೆ, ಯುರೋಪಿಯನ್ ಒಕ್ಕೂಟ 2019ರಲ್ಲೇ ಆರೈಕೆದಾರರಿಗೆ ವರ್ಷಕ್ಕೆ ಕನಿಷ್ಠ 5 ಕೆಲಸದ ದಿನ ರಜೆ ಕೊಡಬೇಕು ಅಂತ ನಿರ್ದೇಶನ ಹೊರಡಿಸಿದೆ ಅಂತ ಹೇಳಿ. ಬ್ರಿಟನ್ನಿನಲ್ಲಿ 2023ರಲ್ಲಿ ಆರೈಕೆದಾರರ ರಜೆಯ ಕಾನೂನು ಬಂತು, ಸಂಬಳವಿಲ್ಲದ ಒಂದು ವಾರ. ಕಡಿಮೆಯೇ, ಆದರೂ ಇದೆ.

ಒಬ್ಬರೇ ಓಡಾಡಬೇಡಿ. ನರ್ಸ್‌ಗಳು, ಫಿಸಿಯೋಥೆರಪಿ ಮಾಡುವವರು, ಆಸ್ಪತ್ರೆಯ ಬೆಂಚಿನ ಮೇಲೆ ಪರಿಚಯವಾದವರು, ಎಲ್ಲರನ್ನೂ ಸೇರಿಸಿಕೊಳ್ಳಿ. ಥಾಯ್ಲೆಂಡಿನಲ್ಲಿ ಜನ 50,000ಕ್ಕೂ ಹೆಚ್ಚು ಸಹಿ ಕೂಡಿಸಿ ಎಲ್ಲರಿಗೂ ಚಿಕಿತ್ಸೆ ಕೊಡುವ ಮಸೂದೆಯನ್ನು ತಾವೇ ಮುಂದಿಟ್ಟರು. 2002ರಲ್ಲಿ ರಾಷ್ಟ್ರೀಯ ಆರೋಗ್ಯ ಭದ್ರತಾ ಕಾನೂನು ಬಂತು. ಅಷ್ಟು ಸಹಿ ಮನೆ ಮನೆ ತಿರುಗಿಯೇ ಸಿಗಬೇಕು.

ತಡ ಆಗುತ್ತದೆ. ಮೇಲೆ ಹೇಳಿದ ಅಮೆರಿಕದ ಕಾನೂನನ್ನು ಅಲ್ಲಿನ ಅಧ್ಯಕ್ಷರು 1990ರಲ್ಲಿ ಒಮ್ಮೆ, 1992ರಲ್ಲಿ ಇನ್ನೊಮ್ಮೆ ತಡೆದಿದ್ದರು. ಹೊಸ ಅಧ್ಯಕ್ಷರು ಬಂದ ಮೇಲೆ 1993ರ ಫೆಬ್ರವರಿ 5ರಂದು ಸಹಿ ಬಿತ್ತು. ನನಗೆ ಕೈಚೆಲ್ಲಿ ಕೂರಬೇಕು ಅನ್ನಿಸಿದಾಗಲೆಲ್ಲ ಆ ಎರಡು ಸಲ ಸೋತು ಮತ್ತೆ ಹೋದವರನ್ನು ನೆನೆಸಿಕೊಳ್ಳುತ್ತೇನೆ.

ಭೇಟಿ ಆದ ಎರಡೇ ದಿನದಲ್ಲಿ ಧನ್ಯವಾದದ ಪತ್ರ ಕಳಿಸಿ. ಅವರು ಏನು ಒಪ್ಪಿಕೊಂಡರು, ಯಾವ ತಾರೀಕಿಗೆ ಅಂತ ಅದರಲ್ಲೇ ಬರೆಯಿರಿ, ಸಹಾಯಕರಿಗೂ ಒಂದು ಪ್ರತಿ ಕೊಡಿ. ಮಸೂದೆ ಪಾಸಾದರೆ ಸಿಹಿ ಹಂಚಿ ಮನೆಗೆ ಹೋಗಿಬಿಡಬೇಡಿ. ಆಮೇಲೆ ನಿಯಮಗಳನ್ನು ಬರೆಯುತ್ತಾರೆ. ಯಾವ ಅರ್ಜಿ, ಯಾವ ವೈದ್ಯರ ಪ್ರಮಾಣಪತ್ರ, ಎಷ್ಟು ದಿನ ಮುಂಚೆ ತಿಳಿಸಬೇಕು, ಎಲ್ಲ ಅಲ್ಲೇ ತೀರ್ಮಾನ ಆಗೋದು. "15 ದಿನ ಮುಂಚಿತವಾಗಿ ಅರ್ಜಿ ಕೊಡಬೇಕು" ಅಂತ ಕರಡಿನಲ್ಲಿ ಕಂಡರೆ ತಕ್ಷಣ ಆಕ್ಷೇಪಣೆ ಬರೆಯಿರಿ. ಲಕ್ವ 15 ದಿನ ಮುಂಚೆ ಹೇಳಿ ಬರುವುದಿಲ್ಲ.