ಸಂಜೆ ಆರಕ್ಕೆ ಡೆಡ್‌ಲೈನ್: ನನ್ನ ಆನ್‌ಲೈನ್ ಕ್ಲಾಸಿನ ಅನುಭವ

ಮೊದಲ ಸೆಮಿಸ್ಟರ್ ಪೂರ್ತಿ ಹಾಳಾಯಿತು. ಹುಬ್ಬಳ್ಳಿಯ ಪತ್ರಿಕೆಯೊಂದರಲ್ಲಿ, ಸುದ್ದಿ ತಿದ್ದುವ ಡೆಸ್ಕ್‌ನಲ್ಲಿ ಹದಿನೆಂಟು ವರ್ಷ ಕೂತು ಎದ್ದು ಬಂದವನು ನಾನು. ಧಾರವಾಡದ ಕಾಲೇಜೊಂದರಲ್ಲಿ ವರದಿಗಾರಿಕೆ ಕಲಿಸಲು ಒಪ್ಪಿಕೊಂಡು ಎರಡು ತಿಂಗಳಾಗಿತ್ತು, ಅಷ್ಟೇ. 2020ರ ಮಾರ್ಚ್ 25ಕ್ಕೆ ಲಾಕ್‌ಡೌನ್. ಪಾಠ ಮೊಬೈಲಿಗೆ ಬಂತು.

ಎಲ್ಲರೂ ಮಾಡಿದ್ದನ್ನೇ ನಾನೂ ಮಾಡಿದೆ. ರಿಂಗ್ ಲೈಟು, ಮೈಕು, ಸ್ಟ್ಯಾಂಡು ಅಂತ ಸುಮಾರು ನಾಲ್ಕು ಸಾವಿರ ಸುರಿದೆ. ನನಗೆ ಅದು ಹತ್ತು-ಹನ್ನೆರಡು ಕ್ಲಾಸಿನ ದುಡ್ಡು. ಈಗ ಉಪಯೋಗಕ್ಕೆ ಬರುತ್ತಿರುವುದು ಮೈಕು ಒಂದೇ. ಸ್ಲೈಡ್ ಹಾಕಿಕೊಂಡು ಒಂದು ತಾಸು ಮಾತಾಡುತ್ತಿದ್ದೆ. ಒಂದು ದಿನ "ಇವತ್ತಿಗೆ ಸಾಕು" ಎಂದೆ. ಹತ್ತು ನಿಮಿಷ ಕಳೆದರೂ ಹದಿನೇಳು ಹೆಸರು ಪರದೆ ಮೇಲೆ ಹಾಗೇ ಇದ್ದವು. ಒಬ್ಬೊಬ್ಬರನ್ನೇ ಕರೆದೆ. ಯಾರೂ ಓಗೊಡಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ರೋಣ ಕಡೆಯ ಹುಡುಗ ಫೋನ್ ಮಾಡಿದ. "ಸರ್, ಮಾಳಿಗಿ ಮ್ಯಾಲೆ ಹತ್ತಿದ್ರ ಅಷ್ಟ ನೆಟ್ ಬರ್ತೈತ್ರಿ. ಬಿಸಲಾಗ ಒಂದು ತಾಸು ಕೂಡಾಕ ಆಗಂಗಿಲ್ರಿ. ರೆಕಾರ್ಡ್ ಮಾಡಿ ಕಳಿಸ್ರಿ, ರಾತ್ರಿ ಕೇಳ್ತೇನ್ರಿ."

ದಾರಿ ತೋರಿಸಿದ್ದು ಅವನೇ. ಮುಂದಿನ ಬ್ಯಾಚಿನಿಂದ ಪಾಠ ಹೇಳುವುದನ್ನು ಬಿಟ್ಟು ಡೆಸ್ಕ್ ನಡೆಸತೊಡಗಿದೆ. ಬೆಳಿಗ್ಗೆ ಏಳಕ್ಕೆ ಹದಿನೈದು ನಿಮಿಷ ಮೀಟಿಂಗ್, ವಿಡಿಯೊ ಬಂದ್. ಯಾರಿಗೆ ಯಾವ ಸುದ್ದಿ ಅಂತ ಹಂಚಿಕೆ. ಸಂಜೆ ಆರಕ್ಕೆ ಡೆಡ್‌ಲೈನ್. ಕಾಪಿಯನ್ನು, ಅಂದರೆ ವರದಿಯನ್ನು, ಹಾಳೆ ಮೇಲೆ ಕೈಯಲ್ಲೇ ಬರೆದು ಫೋಟೊ ಕಳಿಸಬೇಕು. ಟೈಪ್ ಮಾಡಲು ಬಿಟ್ಟಾಗ ಮೂರು ಜನರಿಂದ ಒಂದೇ ಫಾರ್ವರ್ಡ್ ಬಂದಿತ್ತು! ನಾನು ಪ್ರಿಂಟ್ ತೆಗೆದು, ಕೆಂಪು ಪೆನ್ನಿನಲ್ಲಿ ತಿದ್ದಿ ವಾಪಸ್ ಕಳಿಸುತ್ತೇನೆ. ರಾತ್ರಿ ಒಬ್ಬೊಬ್ಬರಿಗೂ ಎರಡು ನಿಮಿಷದ ವಾಯ್ಸ್ ನೋಟು. ನಲವತ್ತು ಜನ, ಎಂಬತ್ತು ನಿಮಿಷ. ಪ್ರಿಂಟಿಗೆ, ನೆಟ್ಟಿಗೆ ತಿಂಗಳಿಗೆ ಸಾವಿರದಷ್ಟು ಕೈಯಿಂದಲೇ ಹೋಗುತ್ತದೆ.

"ವಾಟ್ಸಾಪ್‌ನಾಗ ಪತ್ರಿಕೋದ್ಯಮ ಕಲಸ್ತೀರೇನ್ರಿ?" ಎಂದರು ಜೊತೆಯ ಅಧ್ಯಾಪಕರೊಬ್ಬರು.

ಬ್ಯಾಡಗಿ ಹುಡುಗಿಯೊಬ್ಬಳ ಕಾಪಿ ಹೇಳುತ್ತೇನೆ, ಕೇಳಿ. "ಮೆಣಸಿನಕಾಯಿ ದರದಲ್ಲಿ ಏರಿಕೆ ಕಂಡುಬಂದಿದ್ದು, ರೈತರ ಮೊಗದಲ್ಲಿ ಮಂದಹಾಸ ಮೂಡಿದೆ." ನಾವೆಲ್ಲ ಬರೆದ ಸಾಲೇ ಅಲ್ವಾ? ಯಾವ ತಳಿ, ಡಬ್ಬಿಯೋ ಕಡ್ಡಿಯೋ, ಎಷ್ಟು ಚೀಲ, ಯಾವ ರೈತ ನಕ್ಕಿದ್ದು ಅಂತ ಅಂಚಿನಲ್ಲಿ ಬರೆದೆ. ಮನೆಯಲ್ಲೇ ಕೂತು ಬರೆದಿದ್ದಳು. ಮುಂದಿನ ಗುರುವಾರ ಮಾರುಕಟ್ಟೆಗೆ ಹೋದಳು. ಈ ಸಲ ಬಂದ ಕಾಪಿ: "ಹನ್ನೊಂದು ಚೀಲ ಡಬ್ಬಿ ತಂದ ರೈತ ದರ ಕೇಳಿ, ಎರಡು ಚೀಲ ವಾಪಸ್ ಗಾಡಿಗೆ ಹಾಕಿಸಿದ." ಮಂದಹಾಸ ಹೋಗಿತ್ತು. ಅದರ ಮೇಲೆ ನನ್ನ ಕೆಂಪು ಪೆನ್ನು ಓಡಲೇ ಇಲ್ಲ.

ನಡುವೆ ಇನ್ನೊಂದು ಪ್ರಯೋಗ. ಅವರವರ ಕಾಪಿಯನ್ನು ಅವರೇ ಓದಿ, ಐದು ನಿಮಿಷದ ಬುಲೆಟಿನ್ ಮಾಡಿಸಿದೆ. 1950ರಿಂದ ಆಕಾಶವಾಣಿ ಕೇಳಿಕೊಂಡು ಬಂದ ಊರು ಧಾರವಾಡ, ಹಿಡಿಸುತ್ತದೆ ಅಂದುಕೊಂಡೆ. ಹಿನ್ನೆಲೆಯಲ್ಲಿ ಬರೀ ಕುಕ್ಕರ್ ಸೀಟಿ, ಎಮ್ಮೆ ಕೂಗು. ಬುಲೆಟಿನ್ ನಿಲ್ಲಿಸಿದೆ. ಆದರೆ ಗಟ್ಟಿಯಾಗಿ ಓದಿದಾಗ ಉಸಿರು ಸಾಲದ ವಾಕ್ಯ ಯಾವುದು ಅಂತ ಅವರಿಗೇ ಗೊತ್ತಾಗುತ್ತಿತ್ತು. ಹಾಗಾಗಿ ಓದಿಸುವುದನ್ನು ಮಾತ್ರ ಇಟ್ಟುಕೊಂಡೆ.

ಕಾಲೇಜು ತೆರೆದ ಮೇಲೂ ಈ ಒಂದು ವಿಷಯವನ್ನು ಆನ್‌ಲೈನ್‌ನಲ್ಲೇ ಉಳಿಸಿಕೊಂಡೆ. ಮೂರನೇ ಬ್ಯಾಚಿನಲ್ಲಿ ನಲವತ್ತರಲ್ಲಿ ಮೂವತ್ತಾರು ಮಂದಿ ಕೊನೆವರೆಗೂ ಡೆಡ್‌ಲೈನ್ ತಪ್ಪಿಸಲಿಲ್ಲ. ಅಷ್ಟು ಹಾಜರಿ ನನ್ನ ಡೆಸ್ಕ್‌ನಲ್ಲೂ ಇರಲಿಲ್ಲ! ಅಷ್ಟು ಹಾಜರಿ ನನ್ನ ಡೆಸ್ಕ್‌ನಲ್ಲೂ ಇರಲಿಲ್ಲ!

ಇಬ್ಬಿಬ್ಬರನ್ನು ಜೋಡಿ ಹಾಕುತ್ತೇನೆ. ಒಬ್ಬರ ಕಾಪಿಯನ್ನು ಇನ್ನೊಬ್ಬರು ನೋಡದೆ ನನಗೆ ಬರುವಂತಿಲ್ಲ. ಯಾರಿಗೆ ಯಾರನ್ನು ಜೋಡಿ ಹಾಕಬೇಕು ಎನ್ನುವುದರಲ್ಲೇ ಅರ್ಧ ಕೆಲಸ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಅಂದು ವಾಟ್ಸಾಪ್ ಅಂತ ಕೇಳಿದ ಅಧ್ಯಾಪಕರೇ ಕಳೆದ ಜೂನ್‌ನಲ್ಲಿ ಮನೆಗೆ ಬಂದು ವೇಳಾಪಟ್ಟಿ ಬರೆದುಕೊಂಡು ಹೋದರು. ಜೋಡಿಯ ಲೆಕ್ಕ ಅವರಿಗೂ ಹೇಳಿಲ್ಲ.