ಜಪಾನ್–ಅಮೆರಿಕ ಮೈತ್ರಿಯನ್ನು ಭದ್ರತಾ ದಾಖಲೆಗಳಲ್ಲಿ ಓದುವುದು ಹೇಗೆ?

ರಾಜ್ಯಶಾಸ್ತ್ರದ ನನ್ನ ತರಗತಿಯಲ್ಲಿ ರಾಷ್ಟ್ರೀಯ ಭದ್ರತಾ ಕಾರ್ಯತಂತ್ರದ ದಾಖಲೆ ಕೊಟ್ಟರೆ ಹುಡುಗರು ಮೊದಲ ಪುಟದಿಂದಲೇ ಶುರು ಮಾಡುತ್ತಾರೆ. ಸ್ವಲ್ಪ ಹೊತ್ತಿಗೆ ಆಕಳಿಕೆ ಬರುತ್ತದೆ. ಮುನ್ನುಡಿ ಬಿಟ್ಟುಬಿಡಿ. ಸ್ನೇಹ, ಸಮಾನ ಮೌಲ್ಯ ಅಂತೆಲ್ಲ ಬರುವ ಸಾಲುಗಳನ್ನೂ ದಾಟಿಕೊಂಡು ಹೋಗಿ. ಅವು ಯಾವ ದೇಶದ ದಾಖಲೆಯಲ್ಲಿ ಇಲ್ಲ ಹೇಳಿ?

ಮೊದಲು ಜಪಾನ್–ಅಮೆರಿಕದ 1960ರ ಭದ್ರತಾ ಒಪ್ಪಂದ ಓದಿ. ಹತ್ತೇ ವಿಧಿಗಳು, ಒಂದು ಚಹಾ ಮುಗಿಯುವಷ್ಟರಲ್ಲಿ ಆಗುತ್ತದೆ. 5ನೇ ವಿಧಿಯ ಪ್ರಕಾರ, ಜಪಾನಿನ ಆಡಳಿತದಲ್ಲಿರುವ ಜಾಗದ ಮೇಲೆ ದಾಳಿಯಾದರೆ ಇಬ್ಬರೂ ಎದುರಿಸಬೇಕು. 6ನೇ ವಿಧಿ ಅಮೆರಿಕದ ಸೇನೆಗೆ ಜಪಾನಿನಲ್ಲಿ ನೆಲೆ ಕೊಡುತ್ತದೆ. ಒಬ್ಬರದು ಸೇನೆ, ಇನ್ನೊಬ್ಬರದು ಜಾಗ. ‘ಆಡಳಿತದಲ್ಲಿರುವ’ ಎಂಬಲ್ಲಿ ಗೆರೆ ಎಳೆದಿಡಿ. ಜಪಾನಿನ ಹಿಡಿತದಲ್ಲಿರುವ, ಚೀನಾವೂ ತನ್ನದೆನ್ನುವ ಸೆನ್ಕಾಕು ದ್ವೀಪಗಳ ಒಡೆತನ ಯಾರದು ಎಂದು ಅಮೆರಿಕ ಹೇಳುವುದಿಲ್ಲ. ಆದರೆ ಅಲ್ಲಿಗೂ 5ನೇ ವಿಧಿ ಅನ್ವಯಿಸುತ್ತದೆ ಎಂದು 2014ರಲ್ಲಿ ಒಬಾಮಾ ಟೋಕಿಯೊದಲ್ಲೇ ಹೇಳಿದರು.

ಆಮೇಲೆ 2022ರ ಎರಡು ಕಾರ್ಯತಂತ್ರ ದಾಖಲೆಗಳನ್ನು ಅಕ್ಕಪಕ್ಕ ತೆರೆಯಿರಿ. ಅಮೆರಿಕದ್ದು ಅಕ್ಟೋಬರ್, ಜಪಾನಿನದು ಡಿಸೆಂಬರ್. ಹುಡುಕಬೇಕಾದ್ದು ಒಂದೇ, ಯಾರಿಗೆ ಯಾರ ಭಯ? ಜಾಗತಿಕ ವ್ಯವಸ್ಥೆಯನ್ನೇ ಬದಲಿಸುವ ಇರಾದೆಯೂ ಬೆಳೆಯುತ್ತಿರುವ ಬಲವೂ ಇರುವ ಏಕೈಕ ಪ್ರತಿಸ್ಪರ್ಧಿ ಚೀನಾ ಎನ್ನುತ್ತದೆ ಅಮೆರಿಕದ ದಾಖಲೆ. ಜಪಾನಿಗೆ ಅದು ಹಿಂದೆಂದೂ ಕಾಣದ, ಅತಿ ದೊಡ್ಡ ಸವಾಲು. 2013ರಲ್ಲಿ ಬಂದ ಜಪಾನಿನ ಮೊದಲ ಕಾರ್ಯತಂತ್ರದಲ್ಲಿ ಚೀನಾದ ನಡೆ ಬರೀ ‘ಕಳವಳ’ದ ವಿಷಯವಾಗಿತ್ತು. ಭಯ ಒಂದೇ ಆದಾಗ ಮೈತ್ರಿ ಬಿಗಿಯಾಗುತ್ತದೆ. ಪೂರ್ತಿ ಒಂದೇ ಅಂತಲೂ ಅಲ್ಲ. ಉತ್ತರ ಕೊರಿಯಾ ಅಪಹರಿಸಿದ ತನ್ನ ಪ್ರಜೆಗಳ ವಿಷಯ ಜಪಾನಿಗೆ ಎಷ್ಟು ದೊಡ್ಡದೋ ಅಮೆರಿಕಕ್ಕೆ ಅಷ್ಟಲ್ಲ.

ಇನ್ನು ದುಡ್ಡು. ನನ್ನ ಪ್ರಕಾರ ಅಸಲಿ ಕಥೆ ಇಲ್ಲಿದೆ. 2023ರಿಂದ 2027ರವರೆಗಿನ ಐದು ಹಣಕಾಸು ವರ್ಷಗಳಿಗೆ ಜಪಾನ್ ರಕ್ಷಣೆಗೆಂದು ಸುಮಾರು 43 ಲಕ್ಷ ಕೋಟಿ ಯೆನ್ ಗೊತ್ತು ಮಾಡಿತು. ಜಿಡಿಪಿಯ 2% ಮುಟ್ಟುವುದು ಆಗಿನ ಗುರಿ. ಶತ್ರುವಿನ ನೆಲೆಗೇ ತಿರುಗಿ ಹೊಡೆಯುವ ಶಕ್ತಿ ಬೇಕು ಎಂದೂ ಬರೆದುಕೊಂಡಿತು. ಅಲ್ಲಿಯವರೆಗೆ ಜಪಾನ್ ಗುರಾಣಿ, ಅಮೆರಿಕ ಈಟಿ ಎಂಬುದೇ ವಾಡಿಕೆ. 2024ರ ಜನವರಿಯಲ್ಲಿ ಅಮೆರಿಕದಿಂದ ಬಹುದೂರ ಹಾರುವ 400 ಟೊಮಾಹಾಕ್ ಕ್ಷಿಪಣಿಗಳ ಖರೀದಿಗೆ ಸಹಿ ಬಿತ್ತು. ಈಗ ಜಪಾನ್ ಸ್ವತಂತ್ರವಾಯಿತು ಅಂತ ಬರೆಯಬೇಡಿ, ನಾನು ಅಂಕ ಕೊಡುವುದಿಲ್ಲ! ಅಷ್ಟು ದೂರದ ಗುರಿ ಹಿಡಿಯಲು ಅಮೆರಿಕದ ಉಪಗ್ರಹ, ಗುಪ್ತ ಮಾಹಿತಿ ಬೇಕು. ಅವಲಂಬನೆ ಇನ್ನೂ ಜಾಸ್ತಿಯಾಯಿತು ಅಲ್ವಾ?

ದಂಡನಾಯಕತ್ವವನ್ನೂ ನೋಡಿ. 2024ರ ಜುಲೈನಲ್ಲಿ ವಿದೇಶಾಂಗ, ರಕ್ಷಣಾ ಸಚಿವರ ‘ಟೂ ಪ್ಲಸ್ ಟೂ’ ಸಭೆಯಲ್ಲಿ, ಜಪಾನಿನಲ್ಲಿರುವ ಅಮೆರಿಕದ ಪಡೆಗಳ ಕಚೇರಿಯನ್ನು ತನ್ನದೇ ಸೇನಾ ವಿಭಾಗಗಳ ಜಂಟಿ ಪಡೆಯ ಮುಖ್ಯ ಕಚೇರಿಯಾಗಿ ಬದಲಿಸುವುದಾಗಿ ಅಮೆರಿಕ ಹೇಳಿತು. 2025ರ ಮಾರ್ಚ್‌ನಲ್ಲಿ ಜಪಾನ್ ತನ್ನ ಮೂರೂ ಪಡೆಗಳಿಗೆ ಒಂದೇ ಕಾರ್ಯಾಚರಣೆ ಕಮಾಂಡ್ ತೆರೆಯಿತು. ಆದರೂ ದಕ್ಷಿಣ ಕೊರಿಯಾದಲ್ಲಿರುವಂತೆ ಇಬ್ಬರದೂ ಸೇರಿ ಒಂದು ಕಮಾಂಡ್ ಇಲ್ಲ.

ಕೊನೆಗೆ ಒಕಿನಾವಾ, ಜಪಾನಿನ ದಕ್ಷಿಣದ ದ್ವೀಪ ಪ್ರಾಂತ್ಯ. ದೇಶದ ನೆಲದಲ್ಲಿ ಅದರ ಪಾಲು ಸುಮಾರು 0.6%. ಅಮೆರಿಕದ ಪಡೆಗಳಿಗಷ್ಟೇ ಮೀಸಲಾದ ಜಾಗದಲ್ಲಿ ಸುಮಾರು 70% ಅಲ್ಲೇ ಇದೆ. ಕಾರ್ಯತಂತ್ರಗಳಲ್ಲಿ ಇದರ ಬಗ್ಗೆ ಸಿಗುವುದು ಕಡಿಮೆ, ಆದ್ದರಿಂದ ‘ರ್ಯೂಕ್ಯು ಶಿಂಪೊ’ ಥರದ ಅಲ್ಲಿನ ಪತ್ರಿಕೆಯನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ. ಒಕಿನಾವಾದ ಹೆನೊಕೊದಲ್ಲಿ ಅಮೆರಿಕದ ಹೊಸ ನೆಲೆಗಾಗಿ ಸಮುದ್ರ ತುಂಬುವುದು ಬೇಡ ಎಂದು 2019ರ ಜನಮತದಲ್ಲಿ ಮತ ಹಾಕಿದವರಲ್ಲಿ ಸುಮಾರು 72% ಜನ ಹೇಳಿದರು. ಟೋಕಿಯೊದ ಸರ್ಕಾರ ಕೆಲಸ ನಿಲ್ಲಿಸಲಿಲ್ಲ.